ಉಣುಗೋಲಿನ ಹತ್ತಿರ ಬೋರ್ಡ್ ನಿಲ್ಲಿಸಿದ ಅನುಭವ

"ಬೋರ್ಡ್ ಯಾರು ಓದ್ತಾರೆ ಮಾರಾಯ, ಸುಮ್ನೆ ದುಡ್ಡು ದಂಡ" ಅಂದವರೇ ಈಗ ತಮ್ಮೂರಿಗೂ ಎರಡು ಬೇಕು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲೂಕು. ಕಾಡಿನ ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಅದು ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲೂಕಿನದೇ. 2019ರಲ್ಲಿ ಅರಳಗೋಡು ಕಡೆ ಸಾವುಗಳಾದ ಮೇಲೆ ನಾವು ನಾಲ್ಕೈದು ಜನ ಸೇರಿ ಎಚ್ಚರಿಕೆಯ ಬೋರ್ಡ್ ಹಾಕಲು ಹೊರಟೆವು.

ಮೊದಲ ವರ್ಷ ಪೂರ್ತಿ ಎಡವಟ್ಟು. ಹೆದ್ದಾರಿ ಬದಿಗೆ ಇಪ್ಪತ್ತು ಅಡಿ ಅಗಲದ ಫ್ಲೆಕ್ಸ್. ಕಬ್ಬಿಣದ ಫ್ರೇಮ್ ಸೇರಿ ಹದಿನಾಲ್ಕು ಸಾವಿರ ಆಗಿರಬೇಕು. ಕರಪತ್ರದಲ್ಲಿದ್ದದ್ದನ್ನೆಲ್ಲ ಅದರಲ್ಲಿ ತುಂಬಿದ್ದೆವು. ಅರವತ್ತರ ಸ್ಪೀಡಲ್ಲಿ ಹೋಗುವ ಬೈಕಿನವನಿಗೆ ಸಿಗುವುದು ಮೂರ್ನಾಲ್ಕು ಸೆಕೆಂಡ್, ಅಷ್ಟರಲ್ಲಿ ಏನು ಓದಿಯಾನು? ಅಲ್ಲದೆ ಕಾಡಿನಿಂದ ದರಕು, ಅಂದರೆ ಒಣ ಎಲೆ ತರುವವರು ಹೆದ್ದಾರಿ ಮೇಲೆ ಹೋಗ್ತಾರಾ? 2016ರಲ್ಲೇ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ ಅಂತ ಒಬ್ಬರು ನೆನಪಿಸಿದರು. ಬಿಚ್ಚಲು ಹೋದರೆ ಅದಾಗಲೇ ಯಾರದೋ ಕೊಟ್ಟಿಗೆ ಸೂರಿನ ಮೇಲಿತ್ತು. ದನಗಳಾದರೂ ಓದಿರಬಹುದು.

ಆಮೇಲೆ ಉಣುಗೋಲಿನ ಯೋಚನೆ ಬಂತು. ಬೇಲಿಯಲ್ಲಿ ಗೇಟಿನ ಹಾಗೆ ಅಡ್ಡ ಗಳ ಹಾಕಿರುತ್ತಾರೆ, ಕೆಲವು ಕಡೆ ದಣಪೆ ಅಂತಾರಲ್ಲ, ಅದೇ. ಕಾಡಿನ ದಾರಿಗೆ ಹೋಗುವವರು ಅಲ್ಲಿ ನಿಲ್ಲಲೇಬೇಕು, ಗಳ ಸರಿಸಬೇಕು, ಮತ್ತೆ ಹಾಕಬೇಕು. ಅರ್ಧ ನಿಮಿಷ ಕಣ್ಣಿಗೆ ಬೇರೆ ಕೆಲಸ ಇಲ್ಲ. ನಾಲ್ಕು ಅಡಿಗೆ ಮೂರಡಿ ತಗಡು, ಹಳದಿ ಮೇಲೆ ಕಪ್ಪು ಅಕ್ಷರ. ಹೋಗುವವರಿಗೆ ಒಂದು ಮುಖ, ಬರುವವರಿಗೆ ಇನ್ನೊಂದು. ನನಗೆ ಹೆಮ್ಮೆ ಇರುವುದು ಈ ಎರಡನೇ ಮುಖದ ಬಗ್ಗೆಯೇ.

ಹೋಗುವವರ ಕಡೆಯ ಬರಹ ಮೊದಲು "ಎಣ್ಣೆ ಹಾಕಿಕೊಂಡೇ ಕಾಡಿಗೆ ಹೋಗಿ" ಅಂತಿತ್ತು. ನಾವು ಹೇಳಿದ್ದು ಉಣ್ಣಿ ಹತ್ತದಂತೆ ಸವರಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ. ಹುಡುಗರು ಬಾಟಲಿ ಹಿಡಿದು ಬೋರ್ಡ್ ಪಕ್ಕ ನಿಂತು ಫೋಟೋ ತೆಗೆದು ವಾಟ್ಸಾಪ್‌ಗೆ ಬಿಟ್ಟರು! ಮಾನ ಹೋಯಿತು, ಆದರೆ ಊರೆಲ್ಲ ಬೋರ್ಡ್ ನೋಡಿತು. ಈಗ "ಕಾಡಿಗಾ? ಕೈಕಾಲಿಗೆ ಡೆಪಾ ಸವರಿ" ಅಂತಿದೆ. ಬರುವವರ ಕಡೆಗೆ "ಬಂದಿರಾ? ಮೊದಲು ಬಿಸಿನೀರು, ಆಮೇಲೆ ಊಟ". ಸ್ನಾನ ಅಂತ ಬರೆದಿಲ್ಲ ನೋಡಿ. ಒತ್ತಕ್ಷರ ಇದ್ದರೆ ದೂರದಿಂದ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. "ಮುನ್ನೆಚ್ಚರಿಕೆ" ಅಂತ ಬರೆಸಿ ಇಪ್ಪತ್ತು ಹೆಜ್ಜೆ ಹಿಂದೆ ನಿಂತು ನೋಡಿ, ಗೊತ್ತಾಗುತ್ತದೆ. ಹತ್ತು ಅಡಿ ದೂರಕ್ಕೆ ಒಂದಿಂಚು ಅಕ್ಷರ ಅನ್ನುವ ಲೆಕ್ಕ ಇದೆಯಲ್ಲ, ಕನ್ನಡಕ್ಕೆ ನಾನು ಒಂದೂವರೆ ಇಟ್ಟುಕೊಳ್ಳುತ್ತೇನೆ.

ಒಂದು ಬೋರ್ಡಿಗೆ ತಗಡು, ಬಣ್ಣ, ಪೇಂಟರ್ ಕೂಲಿ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು. ಹನ್ನೊಂದು ಹಾಕಿದ್ದೇವೆ. ಅರ್ಧ ದುಡ್ಡು ಕೊಟ್ಟ ಅಡಿಕೆ ವ್ಯಾಪಾರಿಗೆ ತನ್ನ ಹೆಸರು ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ ಬೇಕಿತ್ತು. ಅವರನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಡೈರಿ ಪಕ್ಕದ ಬೋರ್ಡಿನ ಕೆಳಗೆ ಒಂದು ಕನ್ನಡಿಯನ್ನೂ ಹಾಕಿ ನೋಡಿದೆ. ತಲೆ ಬಾಚಲಾದರೂ ನಿಲ್ತಾರೆ ಅಂತ. ನಿಂತರು ಕೂಡ. ಆದರೆ ಒಂದು ವಾರದಲ್ಲಿ ಮಂಗಗಳು ತಮ್ಮ ಮುಖ ಕಂಡು ಜಗಳಕ್ಕೆ ಬಿದ್ದು ಒಡೆದು ಹಾಕಿದವು. ನೂರೈವತ್ತು ರೂಪಾಯಿ ಹೋಯಿತು.

ಎಲ್ಲ ಬೋರ್ಡಿನ ಕೆಳಗೂ "ಸತ್ತ ಮಂಗ ಕಂಡರೆ ಮುಟ್ಟಬೇಡಿ, ಫೋನ್ ಮಾಡಿ" ಅಂತ ನಂಬರ್ ಇದೆ. ಫ್ಲೆಕ್ಸ್ ಇದ್ದ ವರ್ಷ ಬಂದದ್ದು ಒಂದೋ ಎರಡೋ ಕರೆ. ಹೋದ ಬೇಸಿಗೆಯಲ್ಲಿ ಹದಿನೈದಾದರೂ ಬಂದಿರಬೇಕು. ಅದರಲ್ಲಿ ಮೂರು "ಬದುಕಿರೋ ಮಂಗಕ್ಕೆ ಏನಾದ್ರೂ ಮಾಡ್ತೀರಾ?" ಅಂತ ಬಾಳೆ ತೋಟದವರದ್ದು.

ಬೋರ್ಡ್ ಪಾಚಿ ಹಿಡಿಯದಂತೆ ಬಣ್ಣಕ್ಕೆ ಒಂದು ಸಾಮಾನು ಬೆರೆಸುತ್ತೇವೆ. ನೋಡಲು ಬಂದವರಿಗೆ ಮಾತ್ರ ಹೇಳೋದು. ಜೂನ್‌ಗೆ ಮುಂಚೆ ಬನ್ನಿ, ಆಮೇಲೆ ಕಳಚಿ ಅಟ್ಟಕ್ಕೆ ಹಾಕಿರುತ್ತೇವೆ.