ಯುಎಇಯಲ್ಲಿ ಕಂಪನಿ ಬದಲಿಸುವಾಗ: ಯಾವುದು ಮೊದಲು, ಯಾವುದು ಆಮೇಲೆ

ಹಳೇ ಕಂಪನಿ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಕೊಡದಿದ್ದರೆ ಬ್ಯಾನ್, ಅಂದರೆ ಯುಎಇಯಲ್ಲಿ ಮತ್ತೆ ಕೆಲಸಕ್ಕೆ ಸೇರದಂತೆ ನಿಷೇಧ, ಗ್ಯಾರಂಟಿ ಎಂಬ ಹೆದರಿಕೆಯಲ್ಲಿ ಎಷ್ಟೋ ಜನ ಇಷ್ಟವಿಲ್ಲದ ಕೆಲಸದಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನಡಿ, ಲಿಖಿತ ನೋಟಿಸ್ ಕೊಟ್ಟು ಅದರ ಅವಧಿ ಮುಗಿಸಿದವರು ಕೆಲಸ ಬಿಟ್ಟು ಬೇರೆ ಕಡೆ ಸೇರಬಹುದು. ತೊಂದರೆಯಾಗುವುದು ಹೆಚ್ಚಾಗಿ ಹೆಜ್ಜೆ ಹಿಂದುಮುಂದಾದಾಗ.

ಇಲ್ಲಿ ಹೇಳುವುದು ಕಾರ್ಮಿಕ ಸಚಿವಾಲಯದಿಂದ, ಅಂದರೆ ಮೊಹ್ರೆಯಿಂದ, ಕೆಲಸದ ಪರ್ಮಿಟ್ ಪಡೆದ ಖಾಸಗಿ ಕಂಪನಿಗಳವರಿಗೆ. ದುಬೈನ ಡಿಐಎಫ್‌ಸಿ ಮತ್ತು ಅಬುಧಾಬಿಯ ಎಡಿಜಿಎಂ ಎಂಬ ಹಣಕಾಸು ವಲಯಗಳಿಗೆ ಅವುಗಳದ್ದೇ ಕಾನೂನಿದೆ, ಮನೆಗೆಲಸದವರದ್ದು ಬೇರೆ ಕಾನೂನು. ಉಳಿದ ಫ್ರೀ ಝೋನ್‌ಗಳಲ್ಲಿ ಪರ್ಮಿಟ್ ಕೆಲಸ ಆಯಾ ಝೋನ್ ಕಚೇರಿಯದ್ದು.

ರಾಜೀನಾಮೆಗಿಂತ ಮೊದಲು ಹೊಸ ಕಂಪನಿಯ ಆಫರ್ ಲೆಟರ್ ಕೈಗೆ ಬರಲಿ. ವಾಟ್ಸ್ಯಾಪ್ ಮೆಸೇಜನ್ನೋ ಕಂಪನಿಯ ಲೆಟರ್‌ಹೆಡ್ಡನ್ನೋ ನೆಚ್ಚಬೇಡಿ, ಮೊಹ್ರೆಯ ಮಾದರಿಯ ಆಫರ್ ಕೇಳಿ. ಅದು ಅರಬಿ, ಇಂಗ್ಲಿಷ್ ಜೊತೆಗೆ ಮೂರನೆಯ ಭಾಷೆಯಲ್ಲೂ ಇರುತ್ತದೆ. ಹಿಂದಿಯಲ್ಲೋ ಮಲಯಾಳಂನಲ್ಲೋ ಓದಲು ಬಂದರೆ ಆ ಪ್ರತಿಯನ್ನೇ ಕೇಳಿ. ಒಟ್ಟು ಸಂಬಳಕ್ಕಿಂತ ಮೊದಲು ಬೇಸಿಕ್ (ಭತ್ಯೆ ಬಿಟ್ಟ ಮೂಲ ಸಂಬಳ) ಎಷ್ಟೆಂದು ನೋಡಿ. 3,000 ದಿರ್ಹಮ್ ಸಂಬಳದಲ್ಲಿ ಬೇಸಿಕ್ 1,000 ಮಾತ್ರ ಇದ್ದರೆ ನಾಳೆ ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಲೆಕ್ಕವಾಗುವುದು ಆ ಸಾವಿರದ ಮೇಲೆಯೇ. ವೀಸಾ ಖರ್ಚನ್ನು ನಿಮ್ಮಿಂದ ವಸೂಲಿ ಮಾಡುವುದಕ್ಕೆ ಕಾನೂನಿನ ನಿಷೇಧವಿದೆ. ದುಡ್ಡು ಕೇಳಿದರೆ ಆ ಕಂಪನಿಯನ್ನೇ ಬಿಡುವುದು ಲೇಸು.

ಆಮೇಲೆ ನೋಟಿಸ್. ಕಾಂಟ್ರ್ಯಾಕ್ಟ್‌ನಲ್ಲಿ 30ರಿಂದ 90 ದಿನದೊಳಗೆ ಯಾವುದೋ ಒಂದು ಅವಧಿ ಬರೆದಿರುತ್ತದೆ. ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. ಇಮೇಲ್ ಮಾಡಿ, ಕಾಗದ ಕೊಟ್ಟರೆ ಪ್ರತಿಯ ಮೇಲೆ ದಿನಾಂಕ ಹಾಕಿಸಿ ಸಹಿ ತೆಗೆದುಕೊಳ್ಳಿ. ನೋಟಿಸ್ ಪೂರ್ತಿ ಮಾಡದೆ ಹೋದರೆ ಉಳಿದ ದಿನಗಳ ಸಂಬಳವನ್ನು ನೀವೇ ಕಟ್ಟಿಕೊಡಬೇಕು. ಅದಕ್ಕಿಂತ ಕೆಟ್ಟದ್ದು, ಹೇಳದೆ ಕೇಳದೆ ಕೆಲಸಕ್ಕೆ ಹೋಗದಿರುವುದು. ಸತತ ಏಳು ದಿನ ದಾಟಿದರೆ ಕಂಪನಿ ಗೈರುಹಾಜರಿಯ ದೂರು ಹಾಕಬಹುದು. ನಮ್ಮವರು ಅಬ್ಸ್ಕಾಂಡಿಂಗ್ ಅನ್ನುವುದು ಇದನ್ನೇ. ಅದು ಬಿತ್ತೆಂದರೆ ಹೊಸ ಪರ್ಮಿಟ್ ಅಲ್ಲಿಗೇ ನಿಲ್ಲುತ್ತದೆ.

ಪ್ರೊಬೇಷನ್‌ನಲ್ಲಿದ್ದವರ ಲೆಕ್ಕ ಬೇರೆ. ಅದು ಆರು ತಿಂಗಳು ಮೀರುವಂತಿಲ್ಲ. ಅಷ್ಟರಲ್ಲಿ ಯುಎಇಯಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳ ನೋಟಿಸ್ ಬೇಕು. ನಿಮ್ಮನ್ನು ಕರೆತರಲು ಹಳೇ ಕಂಪನಿಗೆ ಆದ ಖರ್ಚನ್ನು ಹೊಸ ಕಂಪನಿ ತುಂಬಿಕೊಡಬೇಕು, ಬೇರೆ ಒಪ್ಪಂದ ಆಗದಿದ್ದರೆ. ಇದನ್ನು ಹೊಸ ಕಂಪನಿಗೆ ಮೊದಲೇ ತಿಳಿಸಿ. ಕೊನೆ ಗಳಿಗೆಯಲ್ಲಿ ಗೊತ್ತಾಗಿ ಆಫರ್ ಹಿಂದೆ ಪಡೆಯುವವರಿದ್ದಾರೆ. ಊರಿಗೆ ಹೊರಟವರಿಗೆ 14 ದಿನದ ನೋಟಿಸ್ ಸಾಕು, ಆದರೆ ಮೂರು ತಿಂಗಳೊಳಗೆ ಬೇರೆ ಕಂಪನಿಗೆ ವಾಪಸ್ ಬಂದರೆ ಅದೇ ಖರ್ಚಿನ ಪ್ರಶ್ನೆ ಏಳುತ್ತದೆ. ಈ ನಿಯಮ ಮುರಿದು ದೇಶ ಬಿಟ್ಟರೆ ಒಂದು ವರ್ಷ ಪರ್ಮಿಟ್ ಸಿಗುವುದಿಲ್ಲ.

ಬಾಕಿ ಲೆಕ್ಕವನ್ನು ನೀವೇ ಹಾಕಿಕೊಂಡು ಹೋಗಿ, ಅಕೌಂಟೆಂಟ್ ಹೇಳಿದ್ದಕ್ಕೆ ತಲೆಯಾಡಿಸಬೇಡಿ. ವರ್ಷ ತುಂಬಿದ ಮೇಲೆ ಗ್ರಾಚ್ಯುಯಿಟಿ ಉಂಟು: ಮೊದಲ ಐದು ವರ್ಷ ಪ್ರತಿ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಬೇಸಿಕ್ 2,000 ಇದ್ದು ಮೂರು ವರ್ಷ ದುಡಿದಿದ್ದರೆ, 2,000ವನ್ನು 30ರಿಂದ ಭಾಗಿಸಿ 21ರಿಂದ ಗುಣಿಸಿ, ವರ್ಷಕ್ಕೆ 1,400, ಒಟ್ಟು 4,200 ದಿರ್ಹಮ್. ರಾಜೀನಾಮೆ ಕೊಟ್ಟಿದ್ದಕ್ಕೆ ಇದರಲ್ಲಿ ಕಡಿತವಿಲ್ಲ, ಹಳೇ ಕಾನೂನಿನ ಆ ಕತೆ ಮುಗಿಯಿತು. ಇದಕ್ಕೆ ಬಾಕಿ ಸಂಬಳ ಮತ್ತು ಉಳಿದ ರಜೆಯ ಬೇಸಿಕ್ ಸೇರಿಸಿ. ಕಂಪನಿ ಇದನ್ನೆಲ್ಲ 14 ದಿನದೊಳಗೆ ಕೊಡಬೇಕು. ಊರಿನ ಟಿಕೆಟ್ ಮಾತ್ರ, ಬೇರೆ ಕಂಪನಿ ಸೇರುವವರಿಗೆ ಹಳೇ ಕಂಪನಿ ಕೊಡಬೇಕಾಗಿಲ್ಲ.

ಹಳೇ ವೀಸಾ ರದ್ದು ಮಾಡುವ ಕ್ಯಾನ್ಸಲೇಶನ್ ಪೇಪರ್ ಮುಂದಿಟ್ಟಾಗ ನಿಧಾನಿಸಿ. ಎಲ್ಲ ಬಾಕಿ ಬಂದಿದೆ ಎಂಬ ಒಂದು ಸಾಲು ಅದರಲ್ಲಿರುತ್ತದೆ. ‘ಸಹಿ ಹಾಕಿ, ದುಡ್ಡು ಮುಂದಿನ ವಾರ’ ಎಂಬ ಪಿಆರ್‌ಒ, ಅಂದರೆ ಕಂಪನಿಯ ವೀಸಾ ಕೆಲಸ ನೋಡಿಕೊಳ್ಳುವವರ, ಮಾತಿಗೆ ಪೆನ್ನು ಎತ್ತಬೇಡಿ. ಅಕೌಂಟಿಗೆ ಬಂದ ಮೇಲೆ ಸಹಿ. ಬ್ಯಾಂಕ್ ಸಾಲವಿದ್ದರೆ ಸೆಟಲ್‌ಮೆಂಟ್ ಬಂದ ಕೂಡಲೇ ಬ್ಯಾಂಕ್ ಆ ದುಡ್ಡನ್ನು ಹಿಡಿದಿಡಬಹುದು, ಆದ್ದರಿಂದ ಮೊದಲೇ ಹೋಗಿ ಮಾತಾಡಿ. ಹೆಂಡತಿ ಮಕ್ಕಳ ವೀಸಾ ನಿಮ್ಮ ಮೇಲಿದ್ದರೆ ಅದರ ವ್ಯವಸ್ಥೆ ಆಗದೆ ನಿಮ್ಮ ವೀಸಾ ಕ್ಯಾನ್ಸಲ್ ಆಗದು.

ಕ್ಯಾನ್ಸಲ್ ಆದಮೇಲೆ ಎಷ್ಟು ದಿನ ಇರಬಹುದೆಂಬುದು ವೀಸಾ ವರ್ಗದ ಮೇಲೆ ನಿಂತಿದೆ. ನಿಮ್ಮ ಕೊನೆಯ ದಿನಾಂಕ ಯಾವುದೆಂದು ಅವತ್ತೇ ಖಚಿತ ಮಾಡಿಕೊಳ್ಳಿ. ಅದು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. ಈ ನಡುವೆ ‘ಸುಮ್ಮನೆ ಬಂದು ಕೆಲಸ ನೋಡಿಕೊಂಡು ಹೋಗಿ’ ಎಂದು ಹೊಸ ಕಂಪನಿ ಕರೆದರೂ ಹೋಗಬೇಡಿ. ಪರ್ಮಿಟ್ ಆಗದೆ ಒಂದು ದಿನ ದುಡಿದರೂ ಅದು ಅಕ್ರಮವೇ.

ಸಂಬಳ ತಡೆದರೆ, ಪಾಸ್‌ಪೋರ್ಟ್ ಇಟ್ಟುಕೊಂಡರೆ, ಸುಳ್ಳು ಗೈರುಹಾಜರಿ ದೂರು ಹಾಕಿದರೆ ಮೊಹ್ರೆಯ 600590000ಕ್ಕೆ ಫೋನ್ ಮಾಡಿ ಅಥವಾ ಅದರ ಆ್ಯಪ್‌ನಲ್ಲಿ ದೂರು ಕೊಡಿ. ಪಾಸ್‌ಪೋರ್ಟ್ ಹಿಡಿದಿಡುವ ಹಕ್ಕು ಯಾವ ಕಂಪನಿಗೂ ಇಲ್ಲ. 50,000 ದಿರ್ಹಮ್‌ವರೆಗಿನ ಬಾಕಿಯ ತಗಾದೆಯನ್ನು ಸಚಿವಾಲಯವೇ ತೀರ್ಮಾನಿಸಬಹುದು. ಕಾಂಟ್ರ್ಯಾಕ್ಟ್, ನೋಟಿಸ್ ಇಮೇಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ನಿಮ್ಮ ಸ್ವಂತ ಫೋನಿನಲ್ಲಿ ಇಟ್ಟುಕೊಂಡಿರಿ. ಕಂಪನಿಯ ಇಮೇಲ್ ಕೊನೆಯ ದಿನವೇ ಬಂದ್ ಆಗುತ್ತದೆ.