ಗಡಸು ಉಕ್ಕಿಗೆ ಮೆದು ಕಲ್ಲು: ಸಾಣೆಚಕ್ರ ಆರಿಸಿದ ನನ್ನ ಅನುಭವ

ಉಡುಪಿಯ ಹೊರವಲಯದಲ್ಲಿರುವ ನಮ್ಮ ಮನೆಯ ಹಳೆಯ ದನದ ಹಟ್ಟಿಯನ್ನು ದುರಸ್ತಿ ಮಾಡಿ, ಅಲ್ಲಿ ಒಂದು ಸಣ್ಣ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಮತ್ತು 150 ಮಿ.ಮೀ. ಚಕ್ರದ ಬೆಂಚ್ ಗ್ರೈಂಡರ್ ಇಟ್ಟುಕೊಂಡಿದ್ದೇನೆ. ಗ್ರೈಂಡರಿನ ಜೊತೆಗೇ ಬಂದ ಬೂದುಬಣ್ಣದ ಕಲ್ಲಿನಲ್ಲಿ ನಾನು ಬಹಳ ಕಾಲ ಟೂಲ್‌ಗಳಿಗೆ ಸಾಣೆ ಹಿಡಿದೆ. ಎಷ್ಟು ಹಗುರವಾಗಿ ಒತ್ತಿದರೂ ಕಬ್ಬಿಣ ಕಡಿಯುವ ಉಳಿಯ ಬಾಯಿ ನೀಲಿಗಟ್ಟಿ ಹದ ಕಳೆದುಕೊಳ್ಳುತ್ತಿತ್ತು. ತಪ್ಪು ನನ್ನ ಕೈಯದ್ದೆಂದೇ ನಂಬಿದ್ದೆ. ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದ ಹಿರಿಯರೊಬ್ಬರು ಆ ಕಲ್ಲಿನ ಅಂಚನ್ನು ಬೆರಳಿನಿಂದ ಸವರಿ ನೋಡಿ, "ಇದು ಗಾಜಿನ ಹಾಗೆ ಆಗಿದೆ ಮಾರಾಯ್ರೇ, ಕೊರೆಯುವುದಿಲ್ಲ, ಬರೀ ಉಜ್ಜುತ್ತದೆ" ಎಂದರು.

ಚಕ್ರದ ಕಾಗದದ ಬಿಲ್ಲೆಯ ಮೇಲಿರುವ ಬರಹವನ್ನು ನಾನು ಓದಲು ಕಲಿತದ್ದು ಆ ಬಳಿಕ. 'ಎ 60 ಕೆ 5 ವಿ' ಎಂದಿದ್ದರೆ ಎ ಎಂಬುದು ಅಲ್ಯೂಮಿನಿಯಂ ಆಕ್ಸೈಡ್, 60 ಎಂಬುದು ಹರಳಿನ ಗಾತ್ರ, ಕೆ ಎಂಬುದು ಹರಳುಗಳನ್ನು ಹಿಡಿದಿಡುವ ಬಂಧದ ಗಟ್ಟಿತನ, 5 ಎಂಬುದು ಹರಳುಗಳ ನಡುವಿನ ಅಂತರ, ವಿ ಎಂದರೆ ಗೂಡಿನಲ್ಲಿ ಸುಟ್ಟ ಮಣ್ಣಿನ ಬಂಧ. ಇವುಗಳಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಗಟ್ಟಿತನದ ಅಕ್ಷರ. ಬಂಧ ಮೆದುವಾಗಿದ್ದರೆ ಮೊಂಡಾದ ಹರಳು ಕಳಚಿ ಬಿದ್ದು ಅದರ ಹಿಂದಿನ ಹರಿತವಾದ ಹರಳು ಮುಂದೆ ಬರುತ್ತದೆ. ಬಂಧ ಗಟ್ಟಿಯಾಗಿದ್ದರೆ ಮೊಂಡು ಹರಳು ಅಲ್ಲೇ ಉಳಿದು ಉಕ್ಕನ್ನು ಕಾಯಿಸುತ್ತದೆ. ಗಡಸು ಉಕ್ಕು ಹರಳನ್ನು ಬೇಗ ಮೊಂಡಾಗಿಸುವುದರಿಂದ ಅದಕ್ಕೆ ಮೆದು ಕಲ್ಲೇ ಬೇಕು. ನನ್ನ ಹಳೆಯ ಕಲ್ಲು ಕೆಗಿಂತ ಗಟ್ಟಿಯಾದ ಪಿ ದರ್ಜೆಯದು. ಮೆದು ಕಬ್ಬಿಣ ಉಜ್ಜುವುದಕ್ಕೆ ಅದು ಸಾಕು.

ಮಂಗಳೂರಿನ ಬಂದರು ಪ್ರದೇಶದ ಅಂಗಡಿಯಿಂದ ಎರಡು ಬಿಳಿ ಚಕ್ರಗಳನ್ನು ತಂದೆ: ಒರಟು ಕೆಲಸಕ್ಕೆ 46, ನಯ ಮಾಡಲು 80, ಎರಡೂ ಕೆ ದರ್ಜೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್ ಎಂಬ ಗಡಸು ಉಕ್ಕು) ಟೂಲ್ ಸುಮಾರು 600 ಡಿಗ್ರಿ ಸೆಲ್ಸಿಯಸ್ ತನಕ ಗಡಸುತನ ಉಳಿಸಿಕೊಳ್ಳುವುದರಿಂದ ಬಣ್ಣ ತಿರುಗಿದರೂ ನಾನು ಗಾಬರಿಗೊಳ್ಳುವುದಿಲ್ಲ, ಆದರೆ ಕಾದದ್ದನ್ನು ಫಕ್ಕನೆ ನೀರಿಗೆ ಅದ್ದುವುದಿಲ್ಲ, ಬಾಯಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಉಳಿ, ಪಂಚ್‌ಗಳಂಥ ಕಾರ್ಬನ್ ಉಕ್ಕಿನವನ್ನು ಮಾತ್ರ ಮತ್ತೆ ಮತ್ತೆ ಅದ್ದುತ್ತೇನೆ. ಇನ್ನೊಂದು ಸಂಗತಿ: ನಿಮಿಷಕ್ಕೆ 2850 ಸುತ್ತಿನ ಗ್ರೈಂಡರಿನಲ್ಲಿ 150 ಮಿ.ಮೀ. ಚಕ್ರದ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಸವೆದು 110 ಆದಾಗ ಈ ವೇಗ 16ಕ್ಕೆ ಇಳಿದು ಅದೇ ಕಲ್ಲು ಇನ್ನೂ ಮೆದುವಾದಂತೆ ವರ್ತಿಸಿ ಬೇಗ ಉದುರುತ್ತದೆ.

ಕಾರ್ಬೈಡ್ (ಉಕ್ಕಿಗಿಂತಲೂ ಗಡಸಾದ ವಸ್ತು) ತುದಿಯ ಟೂಲ್‌ಗೆ ಬಿಳಿ ಕಲ್ಲು ನಾಟುವುದಿಲ್ಲ. ಅದಕ್ಕೆ ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರ ಬೇಕು. ಕೆಳಗಿನ ಉಕ್ಕನ್ನು ಮೊದಲು ಬಿಳಿ ಕಲ್ಲಿನಲ್ಲಿ ತೆಗೆದು, ತುದಿಯನ್ನಷ್ಟೇ ಹಸಿರಿಗೆ ಕೊಡುತ್ತೇನೆ. ಆ ಧೂಳಿನಲ್ಲಿ ಕೋಬಾಲ್ಟ್ ಇರುವುದರಿಂದ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ನಾನು ಕೈಹಾಕುವುದೇ ಇಲ್ಲ.

ಹೊಸ ಚಕ್ರವನ್ನು ಕೂರಿಸುವ ಮುನ್ನ ಬೆರಳಿಗೆ ನೇತುಹಾಕಿ ಮರದ ಹಿಡಿಯಿಂದ ಮೆಲ್ಲನೆ ತಟ್ಟಿ ನೋಡುತ್ತೇನೆ. ನಮ್ಮ ಕಡೆ ಮಾಡಿಗೆ ಹೊದೆಸುವ ಮೊದಲು ಹಂಚನ್ನು ತಟ್ಟಿ ಕೇಳುವ ಕ್ರಮವೇ ಇದು. ಎರಡೂ ಸುಟ್ಟ ಮಣ್ಣೇ ಆದ್ದರಿಂದ ಬಿರುಕಿಲ್ಲದ್ದು ಟಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಕೊಡುತ್ತದೆ. ಒಮ್ಮೆ ಆಟಿ ತಿಂಗಳ ಮಳೆಯಲ್ಲಿ ಹಟ್ಟಿಯಲ್ಲೇ ಉಳಿದಿದ್ದ ಹೊಸ ಚಕ್ರ ಮಂಕು ಸದ್ದು ಕೊಟ್ಟಿತು. ತೇವ ಹೀರಿದ ಕಲ್ಲೂ ಹಾಗೆಯೇ ಕೇಳಿಸುವುದರಿಂದ ಅದನ್ನು ಎಸೆಯದೆ ಮನೆಯೊಳಗಿನ ಅಟ್ಟದಲ್ಲಿ ಎರಡು ವಾರ ಒಣಗಲು ಬಿಟ್ಟೆ. ಮತ್ತೆ ತಟ್ಟಿದಾಗ ಸದ್ದು ಸ್ಪಷ್ಟವಾಗಿತ್ತು. ಕೂರಿಸಿದ ಮೇಲೆ ಪಕ್ಕಕ್ಕೆ ಸರಿದು ನಿಂತು ಒಂದು ನಿಮಿಷ ಬರಿದೇ ಓಡಿಸಿ, ಡ್ರೆಸ್ಸರ್ (ಕಲ್ಲಿನ ಮುಖ ಕೆರೆಯುವ ಸಾಧನ) ಹಿಡಿದು ಮುಖ ಸಮ ಮಾಡಿ, ಟೂಲ್ ಊರುವ ಆಸರೆಯಾದ ಟೂಲ್ ರೆಸ್ಟಿಗೂ ಚಕ್ರಕ್ಕೂ ನಡುವಿನ ಅಂತರವನ್ನು 3 ಮಿ.ಮೀ.ಗಿಂತ ಕಡಿಮೆಗೆ ತಂದು ಕೆಲಸ ಶುರುಮಾಡಿದೆ.