ಹಳೇ ಟ್ರ್ಯಾಕ್ಟರಿಗೆ ಮಲೆನಾಡಿನ ಮಳೆಗಾಲ: ನೀರು ನುಗ್ಗುವ ಜಾಗಗಳು, ಮನೆಯಲ್ಲೇ ಆಗುವ ರಿಪೇರಿಗಳು

ಬಯಲುಸೀಮೆಯಲ್ಲಿ ಹಳೇ ಟ್ರ್ಯಾಕ್ಟರನ್ನು ತಿನ್ನುವುದು ಧೂಳು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತಿನ್ನುವುದು ನೀರು. ಮ್ಯಾಸ್ಸಿ 1035, ಮಹೀಂದ್ರ 265, ಎಚ್‌ಎಂಟಿ 2511, ಸ್ವರಾಜ್ 735, ಇವುಗಳ ಎಂಜಿನ್ನು ಸುಲಭಕ್ಕೆ ಸಾಯುವಂಥದ್ದಲ್ಲ. ‘ಎಂಜಿನ್ ಹೋಯ್ತು’ ಎಂದು ಬೋರಿಂಗಿಗೆ (ಸಿಲಿಂಡರ್ ಕೊರೆಸುವ ಕೆಲಸಕ್ಕೆ) ಇಳಿಸುವ ಮೊದಲು ಡೀಸೆಲ್‌ನಲ್ಲಿ ನೀರಿದೆಯಾ, ಗಾಳಿ ಎಳೆಯುತ್ತಿದೆಯಾ, ಆಯಿಲ್‌ಗೆ ಏನಾದರೂ ಬೆರೆತಿದೆಯಾ ಎಂದು ನೋಡಿದರೆ ಎಷ್ಟೋ ಸಲ ಅಲ್ಲೇ ಕಾರಣ ಸಿಗುತ್ತದೆ. ಒಂದೆರಡು ಎಕರೆ ಗದ್ದೆ, ಸ್ವಲ್ಪ ತೋಟ ಇರುವವರಿಗೆ ಹೊಸ ಗಾಡಿಯ ಕಂತಿಗಿಂತ ಒಂದು ಸೆಟ್ ಸ್ಪ್ಯಾನರು, ಗ್ರೀಸ್ ಗನ್ನು, ಒಂದಿಷ್ಟು ತಾಮ್ರದ ವಾಷರು ಮೇಲು.

ಮಳೆ ಹಿಡಿಯುವ ಮೊದಲು

ರೋಹಿಣಿ ಮಳೆ ಹುಟ್ಟುವುದರೊಳಗೆ, ಅಂದರೆ ಮೇ ಮೂರನೇ ವಾರಕ್ಕೆ, ಅರ್ಧ ದಿನ ಇದಕ್ಕೆಂದೇ ಇಟ್ಟುಕೊಳ್ಳಿ.

ಮೊದಲು ಸೈಲೆನ್ಸರ್ ನೋಡಿ. ನೇರ ಮೇಲಕ್ಕೆ ನಿಂತ ಸೈಲೆನ್ಸರಿಗೆ ಮುಚ್ಚಳ ಇಲ್ಲದಿದ್ದರೆ ನಮ್ಮ ಕಡೆಯ ಒಂದು ರಾತ್ರಿಯ ಮಳೆ ಸಾಕು. ನೀರು ಮ್ಯಾನಿಫೋಲ್ಡಿಗೆ ಇಳಿದು, ಎಕ್ಸಾಸ್ಟ್ ವಾಲ್ವ್ ತೆರೆದು ನಿಂತಿರುವ ಸಿಲಿಂಡರಿನೊಳಗೆ ಸೇರುತ್ತದೆ. ಅದು ಗೊತ್ತಿಲ್ಲದೆ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ವಾರಗಟ್ಟಲೆ ಹಾಗೇ ನಿಂತರೆ ರಿಂಗು, ಲೈನರು ತುಕ್ಕು ಹಿಡಿದು ಎಂಜಿನ್ ಜಾಮ್. ಒಂದು ಹಳೇ ಡಬ್ಬಿ ಅಥವಾ ದೊಡ್ಡ ಕರಟ ಕವುಚಿಟ್ಟರೆ ತಪ್ಪುವ ಖರ್ಚು ಇದು. ನೀರು ಇಳಿದ ಅನುಮಾನವಿದ್ದರೆ ನಾಝಲ್‌ಗಳನ್ನು (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗಗಳು) ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ಕೈಯಲ್ಲೇ ನಾಲ್ಕೈದು ಸುತ್ತು ತಿರುಗಿಸಿ. ನೀರು ಹೊರಬಂದ ಮೇಲೆ ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಬೇಕು. ನಾಝಲ್ ಕೂರಿಸುವಾಗ ಹೊಸ ವಾಷರ್ ಹಾಕಿ.

ಎರಡನೆಯದು ಗೇರ್ ಲಿವರ್ ಬುಡದ ರಬ್ಬರ್ ಬೂಟು. ಸಣ್ಣ ವಸ್ತು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಹರಿದಿದ್ದರೆ ಲಿವರ್ ಗುಂಟ ಇಳಿದ ಮಳೆನೀರು ನೇರ ಗೇರ್‌ಬಾಕ್ಸಿಗೇ ಹೋಗುತ್ತದೆ. ಹಾಗೇ ಹೌಸಿಂಗ್ (ಗೇರು, ಡಿಫರೆನ್ಷಿಯಲ್ ಕೂತಿರುವ ಪೆಟ್ಟಿಗೆ) ಮೇಲಿನ ಬ್ರೀದರ್ (ಗಾಳಿಯಾಡುವ ತೂತು) ಮುಚ್ಚಳ, ಡಿಪ್‌ಸ್ಟಿಕ್ಕಿನ ಬಿರಡೆ ಸರಿಯಾಗಿ ಕೂರುತ್ತವೆಯೇ ನೋಡಿಕೊಳ್ಳಿ.

ಬ್ಯಾಟರಿಗೆ ಹೆಚ್ಚು ಹೇಳುವುದಿಲ್ಲ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಗೆ ಬಿಸಿನೀರು, ಅಡುಗೆ ಸೋಡಾ. ಒಣಗಿದ ಮೇಲೆ ವ್ಯಾಸಲೀನ್. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.4. ಸ್ಟಾರ್ಟರ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಆದರೆ ಬ್ಯಾಟರಿ ಕೊಳ್ಳುವ ಮೊದಲು ಅರ್ತ್ ವೈರಿನ ತುದಿ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು ಬಿಗಿದು ನೋಡಿ.

ಡೀಸೆಲ್‌ನಲ್ಲಿ ನೀರು

ಲಕ್ಷಣ ಹೀಗಿರುತ್ತದೆ: ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಲೋಡ್ ಬಿದ್ದಾಗ ಕುಂಟುತ್ತದೆ, ಬಿಳಿ ಹೊಗೆ ಬಂದು ಆಫ್. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ರಾತ್ರಿಯ ಥಂಡಿಗೆ ನೀರಹನಿ ಕಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲೇ ಕೂರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಟ್ಯಾಂಕನ್ನು ಬೆಳಿಗ್ಗೆ ತುಂಬಿಸುವುದಲ್ಲ, ಸಂಜೆ ಕೆಲಸ ಮುಗಿದ ಕೂಡಲೇ ತುಂಬಿಸಬೇಕು. ಕ್ಯಾನಿನಲ್ಲಿ ತಂದ ಡೀಸೆಲ್ ಒಂದು ರಾತ್ರಿ ಅಲುಗಾಡದೆ ಕೂತಿರಲಿ. ಸುರಿಯುವಾಗ ತಳದ ಎರಡು ಬೆರಳಿನಷ್ಟನ್ನು ಬಿಟ್ಟುಬಿಡಿ.

ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಕಾಲು ಲೀಟರ್ ಹಿಡಿಯಿರಿ. ಹತ್ತು ನಿಮಿಷ ಬಿಟ್ಟರೆ ನೀರಿದ್ದರೆ ಕೆಳಗೆ ಬೇರೆ ಪದರವಾಗಿ ಕಾಣುತ್ತದೆ. ಕಂಡರೆ ಟ್ಯಾಂಕಿನ ತಳವನ್ನೂ ಖಾಲಿ ಮಾಡಿ, ಫಿಲ್ಟರ್ ಎಲಿಮೆಂಟ್ ಬದಲಿಸಿ. ಪೇಪರ್ ಎಲಿಮೆಂಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸ ಬಿಡಿ. ತೊಳೆದ ಕಾಗದ ಸೋಸುವುದಿಲ್ಲ, ಉಳಿಸಿದ ದುಡ್ಡು ಪಂಪಿನ ರಿಪೇರಿಗೆ ಹೋಗುತ್ತದೆ.

ಫಿಲ್ಟರ್ ಬಿಚ್ಚಿದ ಮೇಲೆ ಏರ್, ಅಂದರೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಯಲೇಬೇಕು. ಕ್ರಮ ತಪ್ಪಬಾರದು; ಟ್ಯಾಂಕಿನಿಂದ ಶುರುವಾಗಿ ನಾಝಲ್ ಕಡೆ ಹೋಗಬೇಕು.

1. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇರಲಿ, ಕಾಕ್ ತೆರೆದಿರಲಿ. ಬಿಚ್ಚುವ ಸ್ಕ್ರೂಗಳ ಸುತ್ತ ಬಟ್ಟೆಯಲ್ಲಿ ಒರೆಸಿ.

2. ಮೊದಲ ಫಿಲ್ಟರಿನ ತಲೆಯ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪು) ಕೈಲಿವರ್ ಹೊಡೆಯಿರಿ. ಗುಳ್ಳೆ ನಿಂತು ಬರೀ ಡೀಸೆಲ್ ಹರಿಯುವಾಗಲೇ ಬಿಗಿಯಿರಿ, ಹರಿವು ನಿಂತ ಮೇಲೆ ಬಿಗಿದರೆ ಪ್ರಯೋಜನವಿಲ್ಲ. ಲಿವರ್ ಸಡಿಲವಾಗಿ ಆಡುತ್ತಿದ್ದು ಡೀಸೆಲ್ಲೇ ಬರದಿದ್ದರೆ ಫೀಡ್ ಪಂಪ್ ಕೆಟ್ಟಿದೆ ಎಂದು ತಿಳಿಯಬೇಡಿ. ಒಳಗಿನ ಕ್ಯಾಮ್ ಅದನ್ನು ಒತ್ತಿಕೊಂಡು ನಿಂತಿರುತ್ತದೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ.

3. ಎರಡನೇ ಫಿಲ್ಟರಿಗೂ ಇದೇ.

4. ಆಮೇಲೆ ನಾಝಲಿಗೆ ಡೀಸೆಲ್ ಒತ್ತುವ ಮುಖ್ಯ ಪಂಪು. ಉದ್ದಕ್ಕಿರುವ ಇನ್‌ಲೈನ್ ಪಂಪಾದರೆ ಅದರ ಪಕ್ಕದ ಬ್ಲೀಡ್ ಸ್ಕ್ರೂ. ಗುಂಡಗಿನ ರೋಟರಿ ಪಂಪಾದರೆ ಮೊದಲು ಪಕ್ಕದ ಕೆಳಗಿನ ಸ್ಕ್ರೂ, ಆಮೇಲೆ ಗವರ್ನರ್ ಮುಚ್ಚಳದ ಮೇಲಿನದು.

5. ಎರಡು ನಾಝಲ್‌ಗಳ ಪೈಪ್ ನಟ್ಟನ್ನು ಒಂದು ಸುತ್ತು ಸಡಿಲಿಸಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಆಕ್ಸಿಲರೇಟರ್ ಪೂರ್ತಿ, ಸ್ಟಾಪ್ ಬಟನ್ ಒಳಗೆ (ಎಳೆದಿರಬಾರದು). ಸ್ಟಾರ್ಟರನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಒಂದು ನಿಮಿಷ ಬಿಡಿ. ನಟ್ಟಿನ ಬಳಿ ಡೀಸೆಲ್ ಚಿಮ್ಮತೊಡಗಿದರೆ ಬಿಗಿಯಿರಿ. ಆಗ ಕೈ ಅಡ್ಡ ಹಿಡಿಯಬಾರದು. ಆ ಒತ್ತಡದ ಡೀಸೆಲ್ ಚರ್ಮದೊಳಕ್ಕೆ ಹೊಕ್ಕಬಹುದು. ಹೊಕ್ಕರೆ ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮರುದಿನ ಮತ್ತೆ ಏರ್ ಹಿಡಿದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನ ನಡುವಿನ ಪೈಪಿನಲ್ಲಿದೆ ಎಂದೇ ಹುಡುಕಲು ಶುರುಮಾಡಿ. ಅಲ್ಲಿ ಪಂಪು ಎಳೆಯುವುದರಿಂದ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಹೋಗಬಹುದು. ಜಾಯಿಂಟ್ ಒಣಗಿದೆ ಎಂದರೆ ಸರಿಯಾಗಿದೆ ಎಂದಲ್ಲ. ತಾತ್ಕಾಲಿಕವಾಗಿ ಅಲ್ಲೊಂದು ಪಾರದರ್ಶಕ ಪೈಪ್ ಹಾಕಿ ಓಡಿಸಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಬಹಳ ಸಲ ಗಟ್ಟಿಯಾದ ತಾಮ್ರದ ವಾಷರೇ ಕಾರಣ. ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಮೆತ್ತಗಾಗಿ ಮತ್ತೆ ಕೂರುತ್ತದೆ.

ಅರ್ಧ ಗಂಟೆ ಚೆನ್ನಾಗಿ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆಯೇ? ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಕಣಜದ ಹುಳ ಅಲ್ಲಿ ಮಣ್ಣು ಮೆತ್ತುವುದು ಹೊಸದಲ್ಲ.

ಇಷ್ಟರ ನಂತರವೂ ಸರಿಯಾಗದಿದ್ದರೆ ಪಂಪನ್ನು ಮನೆಯಲ್ಲಿ ಬಿಚ್ಚಬೇಡಿ. ಪಂಪಿಗೂ ನಾಝಲಿಗೂ ಟೆಸ್ಟ್ ಬೆಂಚ್ ಬೇಕು, ಶಿವಮೊಗ್ಗಕ್ಕೆ ಒಯ್ಯುವುದೇ ದಾರಿ. ಪಂಪ್ ಇಳಿಸುವ ಮೊದಲು ಫ್ಲ್ಯಾಂಜಿನ ಟೈಮಿಂಗ್ ಗುರುತು ನೋಡಿ, ಮಾಸಿದ್ದರೆ ಉಳಿಯಲ್ಲಿ ಹೊಸ ಗೆರೆ ಹಾಕಿ.

ಆಯಿಲ್ ಹೆಚ್ಚಾಗಿದ್ದರೆ

ಎಂಜಿನ್ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿದಿದ್ದರೆ ಎಲ್ಲರೂ ಗಮನಿಸುತ್ತಾರೆ, ಏರಿದ್ದರೆ ಬಿಟ್ಟುಬಿಡುತ್ತಾರೆ. ಏರಿದ್ದೇ ಅಪಾಯ. ಮೂಸಿದಾಗ ಡೀಸೆಲ್ ವಾಸನೆ ಇದ್ದು ಆಯಿಲ್ ತೆಳುವಾಗಿದ್ದರೆ ಫೀಡ್ ಪಂಪಿನ ಡಯಾಫ್ರಾಮ್ ಹರಿದಿರಬಹುದು, ರೋಟರಿ ಪಂಪಾದರೆ ಅದರ ಶಾಫ್ಟ್ ಸೀಲ್ ಹೋಗಿರಬಹುದು. ಆಯಿಲ್ ಬಿಳಿಚಿಕೊಂಡಿದ್ದರೆ ನೀರು: ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ರಬ್ಬರ್ ರಿಂಗ್. ಬಿಸಿ ತಗಡಿನ ಮೇಲೆ ಎರಡು ಹನಿ ಬಿಟ್ಟಾಗ ಚಟಪಟ ಎಂದರೆ ನೀರಿರುವುದು ಖಚಿತ. ಎರಡರಲ್ಲಿ ಯಾವುದಾದರೂ ಎಂಜಿನ್ ಓಡಿಸಬಾರದು, ಬೇರಿಂಗ್ ತಿಂದುಹೋಗುತ್ತದೆ. ಗಾಳಿಯಲ್ಲೇ ತಣಿಯುವ ಐಷರ್ 242ಕ್ಕೆ ಈ ನೀರಿನ ಕಾಟವಿಲ್ಲ, ಡೀಸೆಲ್ಲಿನ ಕಾಟ ಅದಕ್ಕೂ ಇದೆ.

ಕೆಸರುಗದ್ದೆ ಮತ್ತು ಹಿಂದಿನ ಹೌಸಿಂಗ್

ಹಳೇ ಗಾಡಿಗೆ ಅತಿ ದುಬಾರಿಯಾಗುವುದು ಇಲ್ಲೇ. ಮ್ಯಾಸ್ಸಿ 1035ರಂಥ ಗಾಡಿಯಲ್ಲಿ ಗೇರು, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್, ಮೂವತ್ತು ಲೀಟರ್ ಆಸುಪಾಸು. ಅದಕ್ಕೆ ನೀರು ಬಿದ್ದರೆ ಲಿಫ್ಟೂ ಸೋಲುತ್ತದೆ, ಬೇರಿಂಗೂ ಹೋಗುತ್ತದೆ.

ನೀರು ಎಲ್ಲಿಂದ ಬಂತು ಎಂದು ತಿಳಿಯದೆ ಸೀಲ್ ಬದಲಿಸಲು ಹೊರಡಬೇಡಿ. ಗದ್ದೆಗೆ ಇಳಿಯದೆ, ಬರೀ ಅಂಗಳದಲ್ಲಿ ನಿಂತೇ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗೇರ್ ಲಿವರ್ ಬೂಟು ಅಥವಾ ಬ್ರೀದರ್ ಕಾರಣ. ಗದ್ದೆಯಿಂದ ಬಂದ ಮೇಲೆ ಆದರೆ ಆಕ್ಸಲ್ ಸೀಲ್ ಅಥವಾ ಪಿಟಿಒ ಶಾಫ್ಟಿನ (ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಶಾಫ್ಟು) ಸೀಲ್. ಒಂದೇ ಕಡೆಯ ಬ್ರೇಕ್ ಹಿಡಿಯದೆ ಡ್ರಮ್ಮಿನಿಂದ ಆಯಿಲ್ ಜಿನುಗಿದರೆ ಆ ಪಕ್ಕದ ಸೀಲೇ ಸರಿ.

ನೀರು ಬಿದ್ದದ್ದು ಹೊಸತಾಗಿದ್ದರೆ ಗಾಡಿಯನ್ನು ಸಮತಟ್ಟಿನಲ್ಲಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಡ್ರೈನ್ ಪ್ಲಗ್ಗನ್ನು ಮೆಲ್ಲಗೆ ಸಡಿಲಿಸಿ. ಮೊದಲು ನೀರು ಬರುತ್ತದೆ, ಆಯಿಲ್ ಕಂಡ ಕೂಡಲೇ ಬಿಗಿಯಿರಿ. ಪೂರ್ತಿ ಬೆರೆತು ಬಿಳಿಯಾದ ಆಯಿಲ್ ಹೀಗೆ ಬೇರ್ಪಡುವುದಿಲ್ಲ, ಬದಲಿಸಲೇಬೇಕು. ಗಾಡಿ ಬಿಸಿಯಾಗಿರುವಾಗ ಇಳಿಸಿ, ರಾತ್ರಿಯಿಡೀ ಪ್ಲಗ್ ತೆರೆದಿಡಿ, ಹೈಡ್ರಾಲಿಕ್ ಸ್ಟ್ರೈನರ್ ಬಿಚ್ಚಿ ತೊಳೆಯಿರಿ. ಹೌಸಿಂಗಿಗೆ ಡೀಸೆಲ್ ತುಂಬಿ ಗಾಡಿ ಓಡಿಸಿ ತೊಳೆಯುವವರಿದ್ದಾರೆ. ಹೈಡ್ರಾಲಿಕ್ ಪಂಪಿಗೆ ಆಗ ಆಯಿಲ್ಲೇ ಸಿಗದು, ಹಾಗೆ ಮಾಡಬೇಡಿ.

ಸೀಲ್ ಕೊಳ್ಳುವಾಗ ಗಾಡಿಯ ಹೆಸರಿಗಿಂತ ಹಳೇ ಸೀಲಿನ ಮೇಲಿನ ಮೂರು ಅಂಕಿ ಮುಖ್ಯ: ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಮಿಲಿಮೀಟರಿನಲ್ಲಿ. ಬೇರಿಂಗಿಗೂ ಹಾಗೇ ನಂಬರು. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು 2016ರಲ್ಲೇ ತೀರ್ಮಾನವಾದರೂ 2511 ಓಡಿಸುವವರು ನಿಶ್ಚಿಂತೆಯಿಂದಿರಲು ಇದೂ ಒಂದು ಕಾರಣ. ಕೆಸರಿಗೆ ಎರಡು ತುಟಿಯ ಸೀಲೇ ಕೇಳಿ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ ಬರಬೇಕು. ತುಟಿಗೆ ಗ್ರೀಸ್ ಸವರಿ, ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪ್ ತುಂಡು ಇಟ್ಟು ಸುತ್ತ ಸಮನಾಗಿ ತಟ್ಟಿ. ಶಾಫ್ಟಿನಲ್ಲಿ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಒಂದೇ ಹಂಗಾಮಿನಲ್ಲಿ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಎರಡು ಮಿ.ಮೀ. ಒಳಗೋ ಹೊರಗೋ ಕೂರಿಸಿ ತುಟಿ ಹೊಸ ಜಾಗಕ್ಕೆ ಬರುವಂತೆ ಮಾಡಿ. ಇಲ್ಲದಿದ್ದರೆ ಲೇತಿನವರಲ್ಲಿ ಸ್ಲೀವ್ ಹಾಕಿಸಬೇಕು.

ಸೀಲ್ ಹರಿಯಲು ಮುಖ್ಯ ಕಾರಣ ಶಾಫ್ಟಿಗೆ ಸುತ್ತಿಕೊಂಡ ಹುಲ್ಲು ಮತ್ತು ಗೊಬ್ಬರ ಚೀಲದ ಪ್ಲಾಸ್ಟಿಕ್ ದಾರ. ಗದ್ದೆಯಿಂದ ಹತ್ತಿದ ದಿನವೇ ಅದನ್ನು ಕತ್ತರಿಸಿ ತೆಗೆಯಿರಿ. ಗ್ರೀಸ್ ಕೂಡ ಆ ಸಂಜೆಯೇ, ನಿಪ್ಪಲಿನಿಂದ ಕೆಸರುನೀರು ಹೋಗಿ ಹೊಸ ಗ್ರೀಸ್ ಹೊರಬರುವ ತನಕ. ಬೆಳಿಗ್ಗೆಗೆ ಬಿಟ್ಟರೆ ನೀರು ಒಳಗೇ ಉಳಿದು ತುಕ್ಕು ಶುರುವಾಗಿರುತ್ತದೆ. ನಾಟಿ ಮುಗಿದ ಮೇಲೆ ಮುಂದಿನ ಹಬ್ ಎರಡನ್ನೂ ಬಿಚ್ಚಿ, ತೊಳೆದು, ಗ್ರೀಸ್ ತುಂಬಿಸಿ.

ಹೂತುಹೋದಾಗ, ಇಳಿಜಾರಿನಲ್ಲಿ

ಹೂತ ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಓಡಿಸುವುದು ಜೀವ ತೆಗೆಯುವ ಕೆಲಸ. ಚಕ್ರ ತಿರುಗಲಾಗದಿದ್ದಾಗ ಗಾಡಿಯ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ, ಹಾರಲು ಸಮಯವೇ ಸಿಗುವುದಿಲ್ಲ. ಉಪಕರಣ ಕಳಚಿ, ಚಕ್ರದ ಹಿಂದೆ ಅಗೆದು, ರಿವರ್ಸಿನಲ್ಲಿ ಬಂದ ದಾರಿಗೇ ಹಿಂತಿರುಗಿ. ಬೇರೆ ಗಾಡಿಯಲ್ಲಿ ಎಳೆಸುವುದಾದರೆ ಹಗ್ಗವನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು, ಟಾಪ್ ಲಿಂಕಿಗಲ್ಲ.

ಗದ್ದೆಯಿಂದ ರಸ್ತೆಗೆ ಹತ್ತಿದ ಕೂಡಲೇ ಎರಡೂ ಬ್ರೇಕ್ ಪೆಡಲ್‌ಗಳ ಕೊಂಡಿ ಹಾಕಿ. ನಿಧಾನ ಓಡಿಸುತ್ತಾ ಲಘುವಾಗಿ ಬ್ರೇಕ್ ಒತ್ತುತ್ತಾ ಸ್ವಲ್ಪ ದೂರ ಹೋದರೆ ಲೈನಿಂಗ್ ಒಣಗುತ್ತದೆ. ಟ್ರೇಲರ್ ಇದ್ದಾಗ ಯಾವ ಗೇರಿನಲ್ಲಿ ದಿಬ್ಬ ಹತ್ತುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು. ನ್ಯೂಟ್ರಲ್ ಮಾಡಿದರೆ ಮತ್ತೆ ಗೇರ್ ಬೀಳುವುದಿಲ್ಲ. ಮಳೆಗೆ ನೆನೆದ ಧರೆಯ (ಕಡಿದಾದ ಮಣ್ಣಿನ ದಿಣ್ಣೆ) ಅಂಚಿನಲ್ಲಿ, ಧರೆ ಎಷ್ಟು ಎತ್ತರವೋ ಅಷ್ಟಾದರೂ ಒಳಗೆ ಗಾಡಿ ಇರಲಿ.

ಕೊಟ್ಟಿಗೆಯಲ್ಲಿ ನಿಂತಿರುವಾಗ

ನಾಟಿ ಮುಗಿದು ಕೊಯ್ಲಿನವರೆಗೆ ನಿಲ್ಲುವ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಥಂಡಿಗೆ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ಗೇರ್ ಕರಕರ ಎನ್ನುತ್ತದೆ. ತಪ್ಪಿಸಲು ಪೆಡಲನ್ನು ಒತ್ತಿ ಮರದ ತುಂಡು ಅಡ್ಡ ಕೊಟ್ಟು ಕಟ್ಟಿಡಿ. ಈಗಾಗಲೇ ಅಂಟಿದ್ದರೆ ಮೊದಲು ಪೆಡಲಿನ ಫ್ರೀ ಪ್ಲೇ (ಒತ್ತಿದಾಗ ಮೊದಲು ಸಡಿಲವಾಗಿ ಇಳಿಯುವ ದೂರ) ಅಳೆಯಿರಿ, ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಇರಬೇಕು. ಅದು ಸರಿಯಿದ್ದರೆ ಎಂಜಿನ್ನನ್ನು ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ ನಿಲ್ಲಿಸಿ. ಎದುರಿಗೆ ಐವತ್ತು ಮೀಟರ್ ಖಾಲಿ, ಸಮತಟ್ಟು ಜಾಗ ಬೇಕು, ಸುತ್ತ ಜನ-ದನ ಇರಬಾರದು, ಟ್ರೇಲರ್ ಕಳಚಿರಬೇಕು. ಲೋ ಗೇರಿನಲ್ಲಿ ಹಾಕಿ, ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿದರೆ ಗಾಡಿ ತಕ್ಷಣ ಹೊರಡುತ್ತದೆ. ಕ್ಲಚ್ ಬಿಡದೆ, ಕೊಂಡಿ ಹಾಕಿದ ಬ್ರೇಕನ್ನು ಎರಡು ಮೂರು ಸಲ ಗಟ್ಟಿಯಾಗಿ ಒತ್ತಿದರೆ ಪ್ಲೇಟ್ ಬಿಟ್ಟುಕೊಳ್ಳಬಹುದು. ಬಿಡದಿದ್ದರೆ ಗಾಡಿಯನ್ನು ನಡುವಿನಿಂದ ಎರಡು ಭಾಗ ಮಾಡಿಯೇ ತೆಗೆಯಬೇಕು, ಅದು ವರ್ಕ್‌ಶಾಪಿನ ಕೆಲಸ.

ಕೆಲವು ಮಾದರಿಗಳಲ್ಲಿ ಕ್ಲಚ್ ಹೌಸಿಂಗಿನ ತಳದಲ್ಲೊಂದು ತೂತಿರುತ್ತದೆ. ಕೆಸರಿಗೆ ಇಳಿಯುವಾಗ ಅದಕ್ಕೆ ಹಾಕಿದ ಬಿರಡೆಯನ್ನು ನಿಲ್ಲಿಸುವ ಮುನ್ನ ತೆಗೆದು ನೋಡಿ. ನೀರು ಬಂದರೆ ಪೂರ್ತಿ ಸುರಿಯಲು ಬಿಡಿ. ಎಂಜಿನ್ ಆಯಿಲ್ ಬಂದರೆ ಕ್ರ್ಯಾಂಕಿನ ಹಿಂದಿನ ಸೀಲ್, ಗೇರ್ ಆಯಿಲ್ ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಬದಲಿಸುವ ಕಾಲ ಬಂದಿದೆ.